ರೆಕ್ಕೆಯ ಬುಡದ ಗೆರೆ

ಜೂನ್ 9, 2025, ಸೋಮವಾರ

ಕಲ್ಲು ಬಂತು. ತಗಡಿನ ಬಿಸ್ಕತ್ತು ಡಬ್ಬದೊಳಗೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಸುತ್ತಲೂ ಹತ್ತಿ ತುರುಕಿ ಕಳಿಸಿದ್ದಾರೆ. ನಮ್ಮ ಲ್ಯಾಬಿನ ಅಟೆಂಡರ್ ಹೊನ್ನೇಶ್ ತರೀಕೆರೆಗೆ ಯಾವುದೋ ಮದುವೆಗೆ ಹೋಗಿದ್ದವರು, ಡಬ್ಬವನ್ನು ಕಡೂರಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದರಂತೆ.

"ಮೇಷ್ಟ್ರು ಅವರ ಕೈಯಾರೆ ಕೊಟ್ರು ಮೇಡಂ. ಕಣ್ಣು ಪೂರಾ ಹೋಗೈತೆ ಕಣ್ರೀ. ಬಾಗ್ಲ ತನಕ ಗೋಡೆ ಹಿಡ್ಕಂಡ್ ಬಂದ್ರು," ಎಂದರು. ಹೊನ್ನೇಶ್‌ಗೆ ಅವರು ಇನ್ನೂ ಮೇಷ್ಟ್ರು. ನನಗೆ ಓಂಕಾರಮೂರ್ತಿ. ಈ ಪುಸ್ತಕದಲ್ಲಾದರೂ ಹಾಗೆ ಬರೆಯುವ ಹಕ್ಕು ನನಗಿದೆ.

ಅಂಗೈಯಗಲದ ಬೂದು ಸುಣ್ಣಕಲ್ಲು. ಅದರ ಮೇಲೆ ಆರು ಮಿಲಿಮೀಟರಿನ ಒಂದೇ ಒಂದು ರೆಕ್ಕೆಯ ಗುರುತು. ಜಿಗಿಹುಳುವಿನದು. ಭತ್ತದ ಗದ್ದೆಗೆ ಕಾಲಿಟ್ಟರೆ ಚಟಕ್ಕನೆ ಚಿಮ್ಮುವ ಹುಳುಗಳ ಕೋಟ್ಯಂತರ ವರ್ಷ ಹಿಂದಿನ ನೆಂಟ. ನಮ್ಮ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಓಂಕಾರಮೂರ್ತಿ ಇದನ್ನು ಗೋದಾವರಿ ಕಡೆಯಿಂದ ಆರಿಸಿ ತಂದು, ಇದು ಗೊತ್ತಿರುವ ಯಾವ ಕುಟುಂಬಕ್ಕೂ ಸೇರದ ಹುಳು ಎಂದು 2000ದಲ್ಲಿ ಪ್ರಬಂಧ ಬರೆದರು. ಹೊಸ ಕುಟುಂಬ, ಹೊಸ ಕುಲ, ಹೊಸ ಪ್ರಭೇದ. ಕುಲಕ್ಕೆ ತಮ್ಮ ಊರು ಯಗಟಿಯ ಹೆಸರಿಟ್ಟರು, ಪ್ರಭೇದಕ್ಕೆ ಅಕ್ಕ ಕರಿಬಸಮ್ಮನ ಹೆಸರು. ಯಗಟಿಯಾ ಕರಿಬಸಮ್ಮೇ.

ಆ ಪ್ರಬಂಧದ ಚಿತ್ರ ಬರೆದವಳು ನಾನು. ಆಗ ಬಿ.ಎಸ್ಸಿ. ಕೊನೆಯ ವರ್ಷ, ಇಪ್ಪತ್ತರ ಪ್ರಾಯ. ಚಿತ್ರದ ಕೆಳಮೂಲೆಯಲ್ಲಿ 'ಶ್ರೀ' ಎಂದು ಸಾಸಿವೆಯಷ್ಟು ಸಣ್ಣದಾಗಿ ಹಾಕಿದ್ದೆ. ಅಚ್ಚಾಗಿ ಬಂದಾಗ ಅದು ಇರಲಿಲ್ಲ. ಉಜ್ಜಿ ತೆಗೆದಿದ್ದರು. ಕೃತಜ್ಞತೆಯ ಸಾಲಿನಲ್ಲಿ ಪ್ರಾಂಶುಪಾಲರ ಹೆಸರಿತ್ತು, ಜೀಪು ಕೊಟ್ಟವರ ಹೆಸರಿತ್ತು, ಶ್ರೀಜಾ ಅಂತ ಒಂದು ಹುಡುಗಿ ಇದ್ದಳು ಅನ್ನುವುದು ಎಲ್ಲೂ ಇರಲಿಲ್ಲ.

ಈಗ ನಾನು ಅದೇ ಕಾಲೇಜಿನ ಅದೇ ಲ್ಯಾಬಿನಲ್ಲಿದ್ದೇನೆ. ದೇಶದಲ್ಲಿ ಸಿಕ್ಕಿರುವ ಪಳೆಯುಳಿಕೆ ಜಿಗಿಹುಳುಗಳನ್ನೆಲ್ಲ ರೆಕ್ಕೆಯ ನರಗಳನ್ನು ನೋಡಿ ಮತ್ತೆ ವಿಂಗಡಿಸುವ ಕೆಲಸಕ್ಕೆ ಕೂತು ಮೂರು ವರ್ಷವಾಯಿತು. ಉಳಿದಿರುವುದು ಓಂಕಾರಮೂರ್ತಿಯ ಕುಟುಂಬ ಒಂದೇ. ಅದು ಬಿದ್ದುಹೋದರೆ ನನಗೆ ಸಂತೋಷವೇ. ಯಾರೂ ಓದದ ಕಡೆ ಸುಳ್ಳು ಯಾಕೆ ಬರೆಯಲಿ.

ಜೂನ್ 12

ಬಿತ್ತು. ಐದು ನಿಮಿಷ ಹಿಡಿಯಲಿಲ್ಲ.

ಜಿಗಿಹುಳುವಿನ ಮುಂದಿನ ರೆಕ್ಕೆಯ ಬುಡದಲ್ಲಿ, ಬೆನ್ನಿಗೆ ತಾಗುವ ಮೂಲೆಯಲ್ಲಿ, ಎರಡು ನರಗಳು ಬಂದು ಕೂಡಿ ಒಂದಾಗುತ್ತವೆ, ಕವೆಗೋಲಿನ ಹಾಗೆ. ಇವತ್ತಿನ ಹುಳುಗಳಲ್ಲೂ ಹಾಗೆ, ಕಲ್ಲಿನಲ್ಲಿ ಸಿಕ್ಕವುಗಳಲ್ಲೂ ಹಾಗೆ. ಓಂಕಾರಮೂರ್ತಿಯ ಹುಳುವಿಗೆ ಮಾತ್ರ ಕವೆ ಇಲ್ಲ, ಅಲ್ಲಿ ಒಂಟಿ ನರ ನೆಟ್ಟಗೆ ಹೋಗುತ್ತದೆ. ಹೊಸ ಕುಟುಂಬ ನಿಂತಿದ್ದು ಈ ಒಂದು ಮಾತಿನ ಮೇಲೆ.

ನರ ಅಂದರೆ ಉಬ್ಬು. ರೆಕ್ಕೆ ಮಡಚುವ ಗೆರೆ ಅಂದರೆ ತಗ್ಗು. ಹಳೆಯ ಮೈಕ್ರೋಸ್ಕೋಪಿನಲ್ಲಿ ಒಂದೇ ಕಣ್ಣಿಟ್ಟು ನೋಡಬೇಕಿತ್ತು, ಯಾವುದು ಉಬ್ಬು ಯಾವುದು ತಗ್ಗು ಎಂಬುದನ್ನು ನೆರಳಿನಿಂದ ಊಹಿಸಬೇಕಿತ್ತು. ಈಗ ಬಂದಿರುವುದರಲ್ಲಿ ಎರಡು ಕಣ್ಣಿಟ್ಟರೆ ರೆಕ್ಕೆ ಬೆಟ್ಟಗುಡ್ಡದ ಹಾಗೆ ಎದ್ದು ಕಾಣುತ್ತದೆ. ಎರಡು ಉಬ್ಬು, ಅವು ಕೂಡುವ ಜಾಗ, ನಡುವೆ ಉದ್ದಕ್ಕೆ ಒಂದು ತಗ್ಗು. ಕವೆ ಇದೆ. ಓಂಕಾರಮೂರ್ತಿ ಒಂಟಿ ನರ ಅಂದದ್ದು ನಡುವಿನ ಆ ತಗ್ಗನ್ನು.

ಮಧ್ಯಾಹ್ನ ಎರಡು ಲೋಟ ಕಾಫಿ ಕುಡಿದೆ. ಮನೆಗೆ ಬಂದು ಪ್ರದ್ಯುಮ್ನನಿಗೆ ಹೇಳಿದೆ. ನನ್ನ ಗಂಡ ಬೀರೂರು ರೈಲ್ವೆಯಲ್ಲಿ ಸಿಗ್ನಲ್ ವಿಭಾಗದವನು, ಹುಳುವಿನ ಗೊಡವೆ ಅವನಿಗಿಲ್ಲ. ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ನೀನು ಬರೆದ ಚಿತ್ರದಲ್ಲಿ ಆ ಕವೆ ಯಾಕಿಲ್ಲ ಕಣೇ?" ಎಂದ.

ಅವರು ಹೇಳಿದ ಹಾಗೆ ಬರೆದಿದ್ದೆ ಅಂದೆ. ಹಾಗೇ ಇರಬೇಕು. ಇಪ್ಪತ್ತು ವರ್ಷದ ಹುಡುಗಿ ಇನ್ನೇನು ಮಾಡಿಯಾಳು.

ಜೂನ್ 22, ಭಾನುವಾರ

ತರೀಕೆರೆಗೆ ಹೋಗಿ ಬಂದೆ. ಕಲ್ಲನ್ನು ಕಾಲೇಜಿಗೆ ಕೊಟ್ಟಿದ್ದೇನೆ ಎಂಬ ಪತ್ರಕ್ಕೆ ಓಂಕಾರಮೂರ್ತಿಯ ಸಹಿ ಬೇಕಿತ್ತು. ಬಸ್ಸಿನಲ್ಲಿ ಕಿಟಕಿಯ ಗಾಜು ಮುಚ್ಚುವುದಿಲ್ಲ, ಗಾಳಿಯೋ ಗಾಳಿ, ಹಿಂದಿನ ಸೀಟಿನಲ್ಲಿ ಇಬ್ಬರು ತೆಂಗಿನಕಾಯಿ ವ್ಯಾಪಾರದ ಜಗಳವನ್ನು ಬೀರೂರಿನಿಂದ ಕೊನೆಯವರೆಗೂ ಆಡಿದರು. ಒಂದು ಸಹಿಗೆ ಒಂದು ಭಾನುವಾರ ಹಾಳು.

ಹೆಂಡತಿ ತೀರಿಕೊಂಡ ಮೇಲೆ ಓಂಕಾರಮೂರ್ತಿ ಅಕ್ಕನ ಜೊತೆ ಇದ್ದಾರೆ. ಕರಿಬಸಮ್ಮನವರಿಗೆ ಎಂಬತ್ತನಾಲ್ಕು, ತಮ್ಮನಿಗಿಂತ ಎಂಟು ವರ್ಷ ದೊಡ್ಡವರು, ನಡಿಗೆ ಮಾತ್ರ ನನಗಿಂತ ಚುರುಕು. ನನ್ನ ಬಲಗೈಯಲ್ಲಿ ಚೀಲವಿತ್ತು, ಪತ್ರವನ್ನು ಎಡಗೈಯಲ್ಲಿ ಚಾಚಿದೆ.

"ಏನವ್ವಾ, ಎಡಗೈಲಿ ಕೊಡ್ತೀಯಲ್ಲ. ಓದ್ದೋಳು," ಎಂದರು.

ಮೈ ಉರಿಯಿತು. ಅಜ್ಜಂಪುರದ ನಮ್ಮ ಮನೆಯಲ್ಲಿ ಅಜ್ಜಿ ಊಟಕ್ಕೆ ಕೂರಿಸುವಾಗ ನನ್ನ ಎಡಗೈಯನ್ನು ಸೆರಗಿನ ತುದಿಯಲ್ಲಿ ಬಿಗಿದು ಕಟ್ಟುತ್ತಿದ್ದಳು. ಸ್ಲೇಟು ಹಿಡಿದಾಗಲೂ ಅಷ್ಟೆ. ಬಲಗೈಯಲ್ಲಿ ಬರೆಯುವುದು, ಉಣ್ಣುವುದು, ಬಡಿಸುವುದು ಎಲ್ಲ ಕಲಿತೆ. ಈಗಲೂ ಇದನ್ನು ಬರೆಯುತ್ತಿರುವುದು ಬಲಗೈಯೇ. ನಲವತ್ತಾರನೆಯ ವಯಸ್ಸಿಗೂ ಬುದ್ಧಿ ಹೇಳಿಸಿಕೊಳ್ಳಬೇಕು.

ಓಂಕಾರಮೂರ್ತಿ ಇಳಿದುಹೋಗಿದ್ದಾರೆ. ಮಾತಾಡುವಾಗ ನನ್ನ ಮುಖವನ್ನು ಬಿಟ್ಟು ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಾರೆ. ಸಹಿ ಕಾಗದದ ಅಂಚು ದಾಟಿ ಮೇಜಿನ ಮೇಲೆ ಹೋಯಿತು. ಕ್ಷೇಮ ಸಮಾಚಾರ ಕೇಳಲಿಲ್ಲ.

"ಶ್ರೀಜಾ, ಒಂದೇ ಮಾತು ಕೇಳ್ತೀನಿ. ರೆಕ್ಕೆ ಬುಡದಲ್ಲಿ ಆ ಒಂಟಿ ನರ ಐತೋ ಇಲ್ವೋ?"

"ನೋಡ್ತಾ ಇದೀನಿ ಸಾರ್. ಇನ್ನೂ ಮುಗಿದಿಲ್ಲ," ಎಂದೆ.

ಯಾಕೆ ಹಾಗಂದೆನೋ ಗೊತ್ತಿಲ್ಲ. ಇಲ್ಲ ಸಾರ್, ನೀವು ಇಲ್ಲದ ನರ ಕಂಡಿರಿ ಎಂದು ಹೇಳುವುದನ್ನು ಬಸ್ಸಿನಲ್ಲಿ ಎರಡು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಹೊರಡುವಾಗ ಕರಿಬಸಮ್ಮ ಬಾಗಿಲ ತನಕ ಬಂದು, "ನನ್ ಹೆಸ್ರಿನ್ ಹುಳ ಹೆಂಗೈತೆ?" ಎಂದು ಕೇಳಿದರು, ಯಾರೋ ಮೊಮ್ಮಗುವನ್ನು ಕೇಳುವ ಹಾಗೆ.

ಜೂನ್ 24

2012ರ ಹೈದರಾಬಾದಿನ ಸಮ್ಮೇಳನ ನೆನಪಾಗುತ್ತಿದೆ. ಓಂಕಾರಮೂರ್ತಿ ಆಗ ನಿವೃತ್ತರಾಗಿ ಐದು ವರ್ಷ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಒಬ್ಬ ಚಿಗುರುಮೀಸೆಯ ಸಂಶೋಧಕ ಪರದೆಯ ಮೇಲೆ ನನ್ನ ಚಿತ್ರವನ್ನು ಹಾಕಿ, ಇಂಥ ನರ ಯಾವ ಜಿಗಿಹುಳುವಿಗೂ ಇರಲು ಸಾಧ್ಯವಿಲ್ಲ, ಇದು ಕಂಡದ್ದಲ್ಲ, ಬೇಕಾದದ್ದನ್ನು ಬರೆದುಕೊಂಡದ್ದು ಎಂದ. ಸಭೆ ನಕ್ಕಿತು. ಅಧ್ಯಕ್ಷರು, ಈ ಚಿತ್ರ ಬರೆದವರು ಯಾರು ಎಂದು ಕೇಳಿದರು.

ಓಂಕಾರಮೂರ್ತಿ ಎದ್ದು ನಿಂತು, "ನಾನೇ," ಎಂದರು.

ಅವತ್ತೂ ನನ್ನ ಚಿತ್ರವನ್ನು ತಮ್ಮದೆಂದು ಹೇಳಿಕೊಂಡರಲ್ಲ, ನಾಚಿಕೆ ಬೇಡವಾ ಎಂದು ಹಲ್ಲು ಕಚ್ಚಿದ್ದೆ. ಅಂದಿನಿಂದ ಅವರಿಗೆ 'ಇಲ್ಲದ ನರದವರು' ಎಂಬ ಹೆಸರು ನಿಂತಿತು. ಮತ್ತೆ ಅವರು ಯಾವ ಸಮ್ಮೇಳನಕ್ಕೂ ಬರಲಿಲ್ಲ. ಕಲ್ಲನ್ನೂ ಯಾರಿಗೂ ತೋರಿಸಲಿಲ್ಲ.

ಜುಲೈ 6, ಭಾನುವಾರ

ಸಹಿ ಸರಿಯಿಲ್ಲ ಎಂದು ಕಾಲೇಜಿನ ಆಫೀಸಿನವರು ಪತ್ರ ವಾಪಸು ಕೊಟ್ಟರು. ಮತ್ತೆ ತರೀಕೆರೆ. ಹೆಬ್ಬೆಟ್ಟು ಒತ್ತಿಸಿದೆ. ಎಷ್ಟು ಪ್ರಬಂಧಗಳಿಗೆ ಸಹಿ ಹಾಕಿದ ಕೈ, ಅಕ್ಕ ಕರಿಬಸಮ್ಮ ಅದನ್ನು ಹಿಡಿದು ಶಾಯಿಗೆ ಒತ್ತಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಕಣ್ಣಿನ ವಿಷಯ ತಾವಾಗಿ ಹೇಳಿದರು. "ಎಲ್ಲಿ ನೋಡ್ಬೇಕು ಅಂತೀನೋ ಅಲ್ಲಿ ಮಾತ್ರ ಕಾಣ್ದು. ಪಕ್ಕದ್ದೆಲ್ಲ ಕಾಣ್ತಿತ್ತು ಮೊದ್ಲು. ಈಗ ಅದೂ ಇಲ್ಲ. ಹೈದ್ರಾಬಾದಿಂದ ಬಂದ ದಿನಾನೇ ಕಲ್ಲು ತಗಂಡು ಕೂತೆ. ನಡುವೆ ಬರೀ ಮಬ್ಬು. ಆವಾಗ ಡಾಕ್ಟ್ರತ್ರ ಹೋದೆ. ಇದು ಎಷ್ಟ್ ವರ್ಷದಿಂದ ಶುರುವಾಗಿತ್ತೋ ಹೇಳಕ್ಕಾಗಲ್ಲ ಅಂದ್ಬಿಟ್ರು." ಹೆಬ್ಬೆಟ್ಟಿನ ಶಾಯಿಯನ್ನು ಪಂಚೆಗೆ ಒರೆಸಿಕೊಂಡು, "ಐವತ್ತನೇ ವಯಸ್ಸಿಗೇ ನನ್ ಕಣ್ಣು ನಂಗೆ ಸುಳ್ಳು ಹೇಳ್ತಿತ್ತಾ? ಹಂಗಾದ್ರೆ ಅದುಕ್ ಮುಂಚೆ ನೋಡಿದ್ದು, ಹುಡುಗ್ರಿಗೆ ತೋರ್ಸಿದ್ದು, ಅವೆಲ್ಲ ಏನು? ಇದೊಂದು ಗೊತ್ತಾದ್ರೆ ಸಾಕು ಕಣಮ್ಮ," ಎಂದರು.

ಈ ಸಲವೂ ನೋಡುತ್ತಿದ್ದೇನೆ ಎಂದೇ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಸರಿಯಾಗಿ ಬರುವಾಗ ಬಸ್ಸೂ ಸಿಗಲಿಲ್ಲ, ಒಂದು ಗಂಟೆ ನಿಂತೆ.

ಜುಲೈ 15

ಮೈಕ್ರೋಸ್ಕೋಪಿನ ಫೋಕಸ್ ತಿರುಪಿನಿಂದ ಒಂದೊಂದು ಗೆರೆಯ ಎತ್ತರವನ್ನೂ ಅಳೆದು ಮುಗಿಸಿದೆ. ನೆರಳಿನ ಮಾತೇ ಬೇಡ, ತಿರುಪು ಎಷ್ಟು ತಿರುಗಿತು ಅಷ್ಟೇ ಲೆಕ್ಕ. ಹಳೆಯ ಚಿತ್ರವನ್ನು ಪಕ್ಕಕ್ಕಿಟ್ಟು ಹೋಲಿಸಿದೆ.

ರೆಕ್ಕೆ ದೊಡ್ಡದಾಗಿ ಕಾಣುವಾಗ ಒಟ್ಟಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ನಾಲ್ಕು ಹಾಳೆಗಳಲ್ಲಿ ನಾಲ್ಕು ಭಾಗ ಬರೆದು ಕೂಡಿಸಿದ್ದೆ. ಮೊದಲ ಮೂರು ಭಾಗಗಳಲ್ಲಿ ಉಬ್ಬು ಉಬ್ಬೇ, ತಗ್ಗು ತಗ್ಗೇ. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ನಾಲ್ಕನೆಯದರಲ್ಲಿ, ಅಂದರೆ ಬುಡದಲ್ಲಿ, ಎಲ್ಲವೂ ತಿರುಗುಮುರುಗು. ಗೆರೆಗಳು ಇರಬೇಕಾದ ಜಾಗದಲ್ಲೇ ಇವೆ, ಆದರೆ ಉಬ್ಬಿದ್ದದ್ದು ತಗ್ಗಾಗಿದೆ, ತಗ್ಗಿದ್ದದ್ದು ಉಬ್ಬಾಗಿದೆ.

ಅವರು ಹೇಳಿದ ಹಾಗೆ ಬರೆದಿದ್ದರೆ ಒಂದು ಗೆರೆ ತಪ್ಪಾಗಬೇಕಿತ್ತು. ಇಡೀ ಭಾಗ ಯಾಕೆ?

ಜುಲೈ 16

ಕೆಲಸ ಮಾಡಲಿಲ್ಲ.

ಜುಲೈ 19, ಶನಿವಾರ

ಲ್ಯಾಬಿನ ಹಳೇ ಮೇಜುಗಳನ್ನು ಉಗ್ರಾಣಕ್ಕೆ ಸಾಗಿಸುತ್ತಿದ್ದರು. ಮೂಲೆಯ ಮೇಜಿನ ಎಡಭಾಗದಲ್ಲಿ ನಾಲ್ಕು ಮೊಳೆಗಳ ತಲೆ ಕಂಡವು, ಒಂದು ಸಣ್ಣ ಚೌಕದ ಹಾಗೆ. ಇದೇನು ಎಂದು ಹೊನ್ನೇಶ್‌ರನ್ನು ಕೇಳಿದೆ.

"ದೀಪ ಇಡೋ ಜಾಗ ಅಲ್ವಾ ಮೇಡಂ. ಬೆಳಕು ಎಡಗಡೆಯಿಂದ್ಲೇ ಬೀಳ್ಬೇಕು ಅಂತ ಮೇಷ್ಟ್ರೇ ಮೊಳೆ ಹೊಡ್ದಿದ್ರು. ಒಂದ್ ಕೂದ್ಲೂ ಜರುಗ್ಸಂಗಿಲ್ಲ. ಒಂದ್ ದಿನ ಬೆಳಿಗ್ಗೆ ಬಂದು ನೋಡಿದ್ರೆ ದೀಪ ಬಲಗಡೆ ಕೂತೈತೆ! ಕಸ ಗುಡ್ಸೋವಾಗ ನೀನೇ ಜರುಗ್ಸಿದ್ದು ಅಂತ ನಂಗೆ ಹಿಡ್ದು ಉಗುದ್ರು ನೋಡಿ, ಅಬ್ಬಬ್ಬಾ. ಬಸವಣ್ಣನಾಣೆ ನಾನು ಮುಟ್ಟಿರ್ಲಿಲ್ಲ." ಹೊನ್ನೇಶ್ ನಕ್ಕರು. ಇಪ್ಪತ್ತಾರು ವರ್ಷದ ಹಿಂದಿನ ಬೈಗುಳ, ಈಗ ಅವರಿಗೆ ತಮಾಷೆ.

ನಾನು ಆ ಮೊಳೆಗಳನ್ನು ಮುಟ್ಟಿ ನೋಡಿದೆ. ಆ ಬೆಳಿಗ್ಗೆ ನಾನೂ ಅಲ್ಲೇ ಇದ್ದೆ. ಬಾಗಿಲ ಹತ್ತಿರ ಪುಸ್ತಕ ಎದೆಗವಚಿಕೊಂಡು ನಿಂತು ಹೊನ್ನೇಶ್ ಬೈಸಿಕೊಳ್ಳುವುದನ್ನು ಕೇಳಿದ್ದೆ. ಬಾಯಿ ಬಿಡಲಿಲ್ಲ.

ಎಲ್ಲವನ್ನೂ ಬರೆಯುತ್ತೇನೆ. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ ಬರೆಯಲಿ.

ಮೊದಲ ಮೂರು ಹಾಳೆಗಳನ್ನು ಓಂಕಾರಮೂರ್ತಿಯ ಎದುರು ಬಲಗೈಯಲ್ಲಿ ಬರೆದೆ. ಹಾಳೆಗೆ ನಾಲ್ಕು ದಿನ ಹಿಡಿಯಿತು. ನನ್ನ ಬಲಗೈ ಅಕ್ಷರ ಕಲಿತಿತ್ತು, ಚಿತ್ರ ಕಲಿತಿರಲಿಲ್ಲ. ಚಿತ್ರವೆಲ್ಲ ಎಡಗೈಯದು, ಕದ್ದು ಮುಚ್ಚಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಕಲಿತದ್ದು. ಮೇಷ್ಟರ ಎದುರು ಎಡಗೈ ಎತ್ತುವುದೆಂದರೆ ಹಿರಿಯರ ಎದುರು ಕಾಲು ಚಾಚಿದ ಹಾಗೆ ಎನ್ನುವುದು ನನ್ನ ತಲೆಯಲ್ಲಿತ್ತು. ನಾಲ್ಕನೇ ಹಾಳೆಯ ದಿನ ಅವರು ನಾಲ್ಕು ಗಂಟೆಯ ಬಸ್ಸಿಗೆ ಯಗಟಿಗೆ ಹೋದರು. ಒಬ್ಬಳೇ ಇದ್ದೆ. ಪೆನ್ಸಿಲನ್ನು ಎಡಗೈಗೆ ತೆಗೆದುಕೊಂಡೆ. ಎಡಗಡೆ ಹಾಳೆ ಇಡಲು ದೀಪ ಅಡ್ಡ ಬಂತು. ದೀಪವನ್ನು ಎತ್ತಿ ಬಲಕ್ಕಿಟ್ಟೆ.

ಗೆರೆಯ ಎಡಮಗ್ಗುಲು ಬೆಳಗಿದರೆ ಉಬ್ಬು, ಬಲಮಗ್ಗುಲು ಬೆಳಗಿದರೆ ತಗ್ಗು. ಅವರು ಮೊದಲ ದಿನ ಕಲಿಸಿದ್ದು ಇದು. ದೀಪ ಬಲಕ್ಕೆ ಹೋದ ಮೇಲೆ ಆ ಪಾಠವನ್ನೂ ತಿರುಗಿಸಿಕೊಳ್ಳಬೇಕಿತ್ತು. ನಾನು ತಿರುಗಿಸಲಿಲ್ಲ. ಎಡಗೈ ಬಿಟ್ಟ ಖುಷಿಯಲ್ಲಿ ಒಂದೂವರೆ ಗಂಟೆಗೆ ಹಾಳೆ ಮುಗಿಸಿದೆ. ನಾಲ್ಕರಲ್ಲಿ ಅದೇ ಚಂದದ ಹಾಳೆ.

ಹೊನ್ನೇಶ್‌ರಿಂದ ಹಳೇ ಮೈಕ್ರೋಸ್ಕೋಪು ತರಿಸಿ, ದೀಪವನ್ನು ಬಲಕ್ಕಿಟ್ಟು, ಕಲ್ಲನ್ನು ಇಟ್ಟು ಒಂದೇ ಕಣ್ಣಿನಲ್ಲಿ ನೋಡಿದೆ. ಕವೆ ಮಾಯ. ನಡುವಿನಿಂದ ಒಂಟಿ ನರ ಎದ್ದು ಬಂತು, ನೆಟ್ಟಗೆ, ಸ್ವಚ್ಛವಾಗಿ. ಅವರಿಗೆ ಕಣ್ಣು ಸುಳ್ಳು ಹೇಳಿರಲಿಲ್ಲ, ನನ್ನ ಹಾಳೆ ಹೇಳಿತ್ತು.

ಜುಲೈ 28

ಮೂರು ಭಾನುವಾರಗಳಿಂದ ತರೀಕೆರೆಗೆ ಹೋಗಿಲ್ಲ. ಹೋಗುವ ಕೆಲಸವೂ ಇಲ್ಲ. ಬೆಳಿಗ್ಗೆ ಕರಿಬಸಮ್ಮನವರ ಫೋನು. "ಬರ್ತೀನಿ ಅಂದೋಳು ಬರ್ಲೇ ಇಲ್ವಲ್ಲವ್ವ. ಇವನು ಗೇಟು ಸದ್ದಾದ್ರೆ ಸಾಕು, ಶ್ರೀಜಾನಾ ಅಂತಾನೆ." ನಾನು ಬರುತ್ತೇನೆ ಎಂದಿದ್ದೆನೇ? ನೆನಪಿಲ್ಲ. ಜ್ವರ ಎಂದು ಸುಳ್ಳು ಹೇಳಿದೆ. ಸಂಜೆಗೆ ನಿಜವಾಗಿಯೂ ತಲೆ ಸಿಡಿಯತೊಡಗಿತು.

ಆಗಸ್ಟ್ 5

ನನ್ನ ಪ್ರಬಂಧ ಅಚ್ಚುಹಾಕಲಿರುವ ಪತ್ರಿಕೆಯ ಸಂಪಾದಕರ ಪತ್ರ ಬಂದಿದೆ. ಅಕ್ಟೋಬರ್ ಮೊದಲ ವಾರದೊಳಗೆ ಎಲ್ಲ ಕಳಿಸಬೇಕು.

ಒಂದು ವಾಕ್ಯ ಬರೆದಿಟ್ಟಿದ್ದೇನೆ. "ಮೂಲ ಲೇಖಕರು ರೆಕ್ಕೆಯ ಬುಡದ ತಗ್ಗನ್ನು ನರವೆಂದು ತಪ್ಪಾಗಿ ಗ್ರಹಿಸಿದ್ದಾರೆ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಯಾರೂ ಪ್ರಶ್ನೆ ಮಾಡುವುದಿಲ್ಲ. ಚಿತ್ರ ಬರೆದದ್ದು ತಾನೇ ಎಂದು ಸಾವಿರ ಜನರ ಎದುರು ಅವರೇ ಹೇಳಿದ್ದಾರೆ. ದೀಪ ಜರುಗಿಸಿದ್ದು ಈ ಪುಸ್ತಕ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ.

ಇಪ್ಪತ್ತೈದು ವರ್ಷ ಆ ಚಿತ್ರ ನನ್ನದು, ನನ್ನದು ಎಂದು ಒಳಗೇ ಕುದಿದೆ. ಇವತ್ತು ಅದು ನನ್ನದಲ್ಲ ಎಂದುಬಿಡಲು ಒಂದು ವಾಕ್ಯ ಸಾಕು. ನನಗೆ ನನ್ನ ಮೇಲೇ ಅಸಹ್ಯವಾಗಿದೆ.

ಪ್ರದ್ಯುಮ್ನನಿಗೆ ಎಲ್ಲ ಹೇಳಿದೆ. ಅವನು ಬೂಟು ಒರೆಸುತ್ತ ಕೇಳಿಸಿಕೊಂಡ. "ನಮ್ಮಲ್ಲಿ ಸಿಗ್ನಲ್ ತಪ್ಪು ಕೊಟ್ಟೋನು ಒಬ್ಬ, ಅದನ್ನ ನಂಬಿ ಗಾಡಿ ಬಿಟ್ಟೋನು ಇನ್ನೊಬ್ಬ ಅಂದ್ರೆ, ರಿಪೋರ್ಟಲ್ಲಿ ಇಬ್ಬರ ಹೆಸರೂ ಬರೀತೀವಿ. ಒಂದೇ ಹೆಸರು ಬರೆದ್ರೆ ಆ ರಿಪೋರ್ಟು ಸುಳ್ಳು," ಎಂದ. ಆಮೇಲೆ ಬೂಟು ಹಾಕಿಕೊಂಡು ಡ್ಯೂಟಿಗೆ ಹೋದ.

ಆಗಸ್ಟ್ 17

ಅವರಿಗೆ ಹೇಗೆ ತೋರಿಸುವುದು? ಹೇಳಿದರೆ ನಂಬುತ್ತಾರೆ, ಆದರೆ ಮತ್ತೊಬ್ಬರ ಕಣ್ಣನ್ನು ನಂಬಿದಂತಾಗುತ್ತದೆ. ಒಂದು ಸಲ ನನ್ನ ಕಣ್ಣನ್ನು ನಂಬಿಯೇ ಹೀಗಾದದ್ದು.

ಅಜ್ಜಂಪುರದಲ್ಲಿ ಗಣಪತಿ ಮಾಡುವ ರೇವಣಪ್ಪನವರ ಹತ್ತಿರ ಹೋಗಿ ಒಂದು ಬಕೆಟ್ ಜೇಡಿಮಣ್ಣು ಕೇಳಿದೆ. ಹಬ್ಬ ಹತ್ತು ದಿನ ಇರುವಾಗ ಯಾರಾದರೂ ಮಣ್ಣು ಕೇಳುತ್ತಾರೆಯೇ ಎಂದು ಗೊಣಗಿದರು, ಕೊಟ್ಟರು. ರೆಕ್ಕೆಯನ್ನು ನೂರು ಪಟ್ಟು ಹಿಗ್ಗಿಸಿ ಮಾಡುತ್ತಿದ್ದೇನೆ. ಎರಡಡಿ ಉದ್ದ. ಅಳೆದ ಎತ್ತರಗಳನ್ನೆಲ್ಲ ಅದೇ ಪ್ರಮಾಣದಲ್ಲಿ. ಒಂದು ನರ ಎದ್ದು ನಿಲ್ಲುವುದು ಎರಡೇ ಮಿಲಿಮೀಟರು. ಬೆರಳಿಗೆ ಅಷ್ಟು ಸಾಕು.

ಆಗಸ್ಟ್ 23

ಒಣಗಿ ಬಿರುಕು ಬಿಟ್ಟಿತು. ರೇವಣಪ್ಪನವರಿಗೆ ಫೋನು ಮಾಡಿದೆ. "ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿ ಇಡ್ಬೇಕು ತಾಯಿ, ಬಿಸ್ಲಿಗಿಟ್ರೆ ಇನ್ನೇನಾಗ್ತದೆ," ಎಂದು ಬೈದರು. ಮತ್ತೆ ಮೊದಲಿನಿಂದ. ಎಡಗೈಯಲ್ಲಿ ಬೇಗ ಆಗುತ್ತದೆ.

ಆಗಸ್ಟ್ 31, ಭಾನುವಾರ

ಹಲಗೆಯ ಸಮೇತ ಮಣ್ಣಿನ ರೆಕ್ಕೆಯನ್ನು ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮೇಷ್ಟ್ರು ಹಜಾರದಲ್ಲಿ ಕೂತಿದ್ದರು. ಮೇಜಿನ ಮೇಲಿಟ್ಟು, ಅವರ ಎರಡೂ ಕೈಗಳನ್ನು ತಂದು ಅದರ ಮೇಲಿಟ್ಟೆ. ಇದೇನೆಂದು ಹೇಳಲಿಲ್ಲ.

ಬೆರಳು ಅಂಚಿಗೆ ತಾಗಿದ್ದೇ ತಡ, "ರೆಕ್ಕೆ," ಎಂದರು. ಮುಂದಿನ ಅಂಚಿನಿಂದ ಶುರು ಮಾಡಿ ಒಂದೊಂದೇ ನರವನ್ನು ಹೆಸರು ಹೇಳುತ್ತ ಸವರಿಕೊಂಡು ಬಂದರು, ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಎಲ್ಲೂ ತಡವರಿಸಲಿಲ್ಲ. ಹದಿಮೂರು ವರ್ಷ ಕಾಣದ ರೆಕ್ಕೆ ಅವರಿಗೆ ಬಾಯಿಪಾಠ ಇತ್ತು. ಬುಡಕ್ಕೆ ಬಂದಾಗ ಬೆರಳು ನಿಂತಿತು. ಹಿಂದೆ ಹೋಯಿತು, ಮತ್ತೆ ಬಂತು. ಮೂರು ಸಲ.

"ಇಲ್ಲಿ ಎರಡು ಉಬ್ಬು ಐತೆ," ಎಂದರು. "ನಡುವೆ ತಗ್ಗು. ಮುಂದೆ ಹೋಗಿ ಕೂಡ್ತಾವೆ." ಆಮೇಲೆ ಬಹಳ ಮೆತ್ತಗೆ, "ಕವೆ," ಎಂದರು.

"ಹೌದು ಮೇಷ್ಟ್ರೇ."

"ಹಂಗಾದ್ರೆ ನನ್ ಕಣ್ಣು..."

"ನಿಮ್ಮ ಕಣ್ಣಲ್ಲ ಮೇಷ್ಟ್ರೇ. ನಾನು ದೀಪ ಜರುಗಿಸಿದ್ದೆ."

ಹೇಳಿದೆ. ಯಗಟಿಯ ಬಸ್ಸು, ನಾಲ್ಕನೇ ಹಾಳೆ, ಎಡಗೈ, ಹೊನ್ನೇಶ್ ತಿಂದ ಬೈಗುಳ, ಎಲ್ಲ. ಹೈದರಾಬಾದಿನ ಮೂರನೇ ಸಾಲು ಕೂಡ. ಹೇಳುವಾಗ ಅತ್ತೆ, ಮುಚ್ಚಿಡುವುದೇನು. ಅವರು ರೆಕ್ಕೆಯ ಮೇಲಿನ ಕೈ ತೆಗೆಯದೆ ಕೇಳಿದರು.

"ದೀಪ ಬಲಕ್ಕಿದ್ದಿದ್ದು ನಾನೂ ನೋಡಿದ್ದೆ ಶ್ರೀಜಾ," ಎಂದರು ಕೊನೆಗೆ. "ಹೊನ್ನೇಶಂಗೆ ಬೈದು ಎತ್ತಿಟ್ಟೆ. ಚಿತ್ರಾನ ಕಲ್ಲಿನ್ ಜೊತೆ ಇನ್ನೊಂದ್ ಸಲ ಇಟ್ಟು ನೋಡ್ಬೇಕಿತ್ತು. ನೋಡ್ಲಿಲ್ಲ. ಹೊಸ ಹುಳ ಸಿಕ್ಕಿಬಿಡ್ತು ಅನ್ನೋ ಸಂಭ್ರಮ. ಮೇಷ್ಟ್ರು ಯಾರು, ನೀನಾ ನಾನಾ?" ಬೆರಳನ್ನು ಕವೆಯ ಮೇಲೆ ಇನ್ನೊಮ್ಮೆ ಆಡಿಸಿದರು. "ನಿನ್ ಹೆಸ್ರು ಉಜ್ಜಿದ್ದು ನಾನೇ. ಮೊದ್ಲೇ ಸಣ್ಣ ಊರಿನ್ ಕಾಲೇಜು, ಅದ್ರಲ್ಲಿ ಓದೋ ಹುಡ್ಗಿ ಬರ್ದಿದ್ದು ಅಂದ್ರೆ ಯಾರೂ ನಂಬಲ್ಲ ಅನ್ಕಂಡೆ. ಅದು ಕಳ್ಳತನ. ಆವತ್ತು ಹೈದ್ರಾಬಾದಲ್ಲಿ ನಿನ್ ಹೆಸ್ರು ನಾಲ್ಗೆ ತುದಿಗೆ ಬಂದಿತ್ತು. ಚೆನ್ನಾಗಿದ್ದಾಗ ನಂದು, ಕೆಟ್ಟಾಗ ನಿಂದು ಅನ್ನಕ್ಕಾಗ್ತದಾ?"

ಕರಿಬಸಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಾಫಿ ಆರಿಹೋಗಿತ್ತು, ಮತ್ತೆ ಕಾಸಿ ತಂದರು.

ಸೆಪ್ಟೆಂಬರ್ 14, ಭಾನುವಾರ

ಹಸ್ತಪ್ರತಿಯನ್ನು ಓದಿ ಹೇಳಲು ಹೋಗಿದ್ದೆ. ಬೀರೂರಿನಲ್ಲಿ ಹತ್ತಿದವರೊಬ್ಬರು ಒಂದು ಚಿಪ್ಪು ಬಾಳೆಹಣ್ಣು ಕೊಟ್ಟರು, ಹರಟೆಯಲ್ಲಿ ದಾರಿ ಸವೆದದ್ದೇ ತಿಳಿಯಲಿಲ್ಲ.

ಕವೆ ಇದೆ ಎಂದ ಮೇಲೆ ಹೊಸ ಕುಟುಂಬ ಉಳಿಯುವುದಿಲ್ಲ. ಯಗಟಿಯಾ ಎನ್ನುವ ಕುಲವೂ ಉಳಿಯುವುದಿಲ್ಲ. ಮಧ್ಯ ಏಷ್ಯಾದ ಕಲ್ಲುಗಳಿಂದ ಬಹಳ ಹಿಂದೆ ಹೆಸರಿಸಿದ ಅಲ್ತೈನಾ ಎಂಬ ಕುಲಕ್ಕೂ ಇದಕ್ಕೂ ನರದ ಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ಹುಳು ಆ ಕುಲಕ್ಕೆ ಹೋಗುತ್ತದೆ. ಪ್ರಭೇದ ಮಾತ್ರ ಬೇರೆಯೇ, ಹಾಗಾಗಿ ಆ ಹೆಸರನ್ನು ಯಾರೂ ಮುಟ್ಟುವಂತಿಲ್ಲ. ಕುಲ ಬದಲಾದ ಹುಳುವಿಗೆ ಮೊದಲು ಹೆಸರಿಟ್ಟವರನ್ನು ಬ್ರ್ಯಾಕೆಟ್ಟಿನೊಳಗೆ ಬರೆಯಬೇಕು ಎನ್ನುವುದು ನಿಯಮ. ಇನ್ನು ಮೇಲೆ ಅದು ಅಲ್ತೈನಾ ಕರಿಬಸಮ್ಮೇ (ಓಂಕಾರಮೂರ್ತಿ, 2000).

ಓದುವಾಗ ಬ್ರ್ಯಾಕೆಟ್ ಎಂಬ ಮಾತನ್ನು ನುಂಗಿಬಿಟ್ಟೆ. ಮೇಷ್ಟ್ರು ತಡೆದರು. "ಬ್ರ್ಯಾಕೆಟ್ ಹಾಕಿದ್ಯಾ?"

"ಹಾಕಿದೀನಿ."

"ಹಾಕ್ಬೇಕು. ಹಾಕ್ದಿದ್ರೆ ತಪ್ಪು," ಎಂದು ತಲೆಯಾಡಿಸಿದರು. ಕಣ್ಣು ಒದ್ದೆಯಾಗಿತ್ತು. ನಾನು ನೀರು ಕುಡಿಯುವ ನೆಪ ಮಾಡಿ ಎದ್ದೆ.

ಕರಿಬಸಮ್ಮನಿಗೆ ಏನಾಯಿತೆಂದು ಬಿಡಿಸಿ ಹೇಳಬೇಕಾಯಿತು. "ಹಂಗಾದ್ರೆ ಯಗಟಿ ಹೋಯ್ತು, ನಾನು ಉಳ್ಕಂಡೆ?" ಎಂದರು. ಹೌದಮ್ಮ ಎಂದೆ. "ಮದ್ವೆ ಆದಾಗ್ಲೂ ಹಂಗೇ ಆಗಿತ್ತು ಬಿಡು," ಎಂದು ಒಳಗೆ ಹೋದರು. ಮೇಷ್ಟ್ರು ಜೋರಾಗಿ ನಕ್ಕರು. ಇಷ್ಟು ವರ್ಷದಲ್ಲಿ ಅವರು ನಕ್ಕದ್ದು ನಾನು ಕೇಳಿರಲಿಲ್ಲ.

ಸೆಪ್ಟೆಂಬರ್ 20

ಲ್ಯಾಬಿನಲ್ಲಿ ಹೊನ್ನೇಶ್‌ಗೆ ಹೇಳಿದೆ. ದೀಪ ಜರುಗಿಸಿದ್ದು ನಾನು, ನಿಮ್ಮನ್ನು ಬೈಸಿದೆ, ತಪ್ಪಾಯಿತು ಅಂದೆ. ಅವರು ಪೊರಕೆ ಕೆಳಗಿಟ್ಟು ನನ್ನನ್ನೇ ನೋಡಿದರು. "ನೀವಾ?" ಎಂದರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಪೊರಕೆ ಎತ್ತಿಕೊಂಡು ಹೊರಗೆ ಹೋದರು. ಮೂರು ಗಂಟೆಗೆ ಟೀ ತಂದಿಟ್ಟು, "ಮೇಷ್ಟ್ರಿಗೆ ಹೇಳಿದ್ರಾ? ನಾನಲ್ಲ ಅಂತ?" ಎಂದು ಕೇಳಿದರು. ಹೇಳಿದ್ದೇನೆ ಎಂದೆ. "ಹಂಗಾದ್ರೆ ಸರಿ," ಎಂದರು.

ಅಕ್ಟೋಬರ್ 5, ಭಾನುವಾರ

ನಾಳೆ ಕಳಿಸುತ್ತೇನೆ. ಹಳೆಯ ಚಿತ್ರ ನಾಲ್ಕನೆಯ ಚಿತ್ರವಾಗಿ ಹೋಗುತ್ತದೆ. ಅದರ ಕೆಳಗೆ ಹೀಗೆ ಬರೆದಿದ್ದೇನೆ. "1999ರ ರೇಖಾಚಿತ್ರ. ರೆಕ್ಕೆಯ ಬುಡದಲ್ಲಿ ಉಬ್ಬು ತಗ್ಗುಗಳು ತಿರುಗುಮುರುಗಾಗಿವೆ. ಈ ಭಾಗ ಬರೆಯುವಾಗ ಚಿತ್ರಕಾರರು ದೀಪವನ್ನು ಬಲಕ್ಕೆ ಜರುಗಿಸಿದ್ದರು. ಚಿತ್ರ: ಶ್ರೀಜಾ."

ಇವತ್ತು ತರೀಕೆರೆಗೆ ಹೋಗಿ ಓದಿ ಹೇಳಿದಾಗ ಮೇಷ್ಟ್ರು ಒಂದೇ ತಿದ್ದುಪಡಿ ಕೇಳಿದರು. ಮೂಲ ಲೇಖಕರು ಚಿತ್ರವನ್ನು ಕಲ್ಲಿನೊಂದಿಗೆ ಹೋಲಿಸಿ ನೋಡಲಿಲ್ಲ ಎಂದೂ ಸೇರಿಸಬೇಕಂತೆ. ಸೇರಿಸಿದೆ.

ಆಮೇಲೆ ಅಕ್ಕನಿಗೆ ಹೇಳಿ ಬೀರುವಿನಿಂದ ಒಂದು ಕಾಗದದ ಸುರುಳಿ ತರಿಸಿದರು. ನಾಲ್ಕು ಹಾಳೆ ಅಂಟಿಸಿದ ಮೂಲ ಚಿತ್ರ. ಅದು ಇನ್ನೂ ಇದೆಯೆಂದು ನನಗೆ ಗೊತ್ತಿರಲಿಲ್ಲ. ಮೇಜಿನ ಮೇಲೆ ಹರಡಿ, ಕೆಳಮೂಲೆಯಲ್ಲಿ ಬೆರಳಾಡಿಸಿದರು. ಉಜ್ಜಿದ ಕಡೆ ಕಾಗದ ಸವೆದು ತೆಳ್ಳಗಾಗಿತ್ತು. ಹುಡುಕಬೇಕಾಗಲಿಲ್ಲ, ಬೆರಳು ನೇರವಾಗಿ ಅಲ್ಲಿಗೇ ಹೋಯಿತು. ಎಷ್ಟು ಸಲ ಹೋಗಿತ್ತೋ.

"ಇಲ್ಲಿ," ಎಂದರು. "ಮೊದ್ಲು ಇದ್ದಂಗೇ ಬರಿ."

ಪೆನ್ನು ತೆಗೆದುಕೊಂಡೆ. ಯಾವ ಕೈ ಎಂದು ಅವರು ಕೇಳಲಿಲ್ಲ. ಎದುರಿಗೆ ಕೂತಿದ್ದ ಕರಿಬಸಮ್ಮ ನೋಡಿದರು, ನೋಡಿ, ಹಾಳೆ ಸುತ್ತಿಕೊಳ್ಳದಂತೆ ಅದರ ಅಂಚನ್ನು ಎರಡು ಕೈಯಲ್ಲಿ ಒತ್ತಿ ಹಿಡಿದರು.

"ಬರ್ದ್ಯಾ?" ಎಂದರು ಮೇಷ್ಟ್ರು.

"ಬರೆದೆ ಮೇಷ್ಟ್ರೇ."

ಅವರು ಬೆರಳಿಟ್ಟು ನೋಡಿದರು. ಶಾಯಿ ಇನ್ನೂ ಹಸಿಯಾಗಿತ್ತು, ಅವರ ಬೆರಳಿಗೆ ಹತ್ತಿತು.